ಈಗ ಬರುತ್ತಿರುವ ಸೂಪರ್‌ಹೀರೋ ಕಾಮಿಕ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನೆಂಟರ ಮನೆಗೆ ಹೋದರೆ ಒಬ್ಬರು, ಕೆಲಸದ ಜಾಗದಲ್ಲಿ ಇನ್ನೊಬ್ಬರು, ಯಾರಾದರೂ ಈ ವಿಷಯ ಎತ್ತಿಯೇ ಎತ್ತುತ್ತಾರೆ. ಯಾವುದು ಚೆನ್ನಾಗಿದೆ, ಯಾವುದು ಬೇಡ, ಎಲ್ಲಿಂದ ಶುರು ಮಾಡಬೇಕು ಅಂತ ಕೇಳುತ್ತಾರೆ. ಪ್ರತಿ ಸಲ ಅರ್ಧರ್ಧ ಉತ್ತರ ಕೊಟ್ಟಿದ್ದೇನೆ. ಈಗ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಇವು ಒಬ್ಬ ಓದುಗನ ಅಭಿಪ್ರಾಯಗಳು. ನನ್ನ ಅಳತೆಗೋಲು ಏನು ಅಂತ ಮೊದಲೇ ಹೇಳಿಬಿಡುತ್ತೇನೆ: ಕಥೆಯಲ್ಲಿ ನಡೆದದ್ದು ನಡೆದದ್ದಾಗಿಯೇ ಉಳಿಯಬೇಕು. ಗಾಯ ಆದರೆ ಕಲೆ ಉಳಿಯಬೇಕು. ಮದುವೆ ಆದರೆ ಸಂಸಾರ ಸಾಗಬೇಕು.

ನಾನು ಇದುವರೆಗೂ ಒಂದೂ ಸೂಪರ್‌ಹೀರೋ ಕಾಮಿಕ್ಸ್ ಓದಿಲ್ಲ. ಎಲ್ಲಿಂದ ಶುರು ಮಾಡಲಿ?

'ಅಬ್ಸೊಲ್ಯೂಟ್ ವಂಡರ್ ವುಮನ್' ಮೊದಲ ಸಂಪುಟದಿಂದ. ಅದು ಸಿಗದಿದ್ದರೆ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್' ಮೊದಲ ಸಂಪುಟದಿಂದ. ಎರಡಕ್ಕೂ ಹಿಂದಿನ ಕಥೆ ಏನೂ ಗೊತ್ತಿರಬೇಕಿಲ್ಲ.

ಹಾಗಂದರೆ ಹೇಗೆ? ಇವರೆಲ್ಲ 60–90 ವರ್ಷ ಹಳಬರು. ಹಳೆಯದನ್ನು ಓದದೆ ಹೊಸದು ಅರ್ಥವಾಗುತ್ತಾ?

ಆಗುತ್ತದೆ. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ, ಬ್ಯಾಟ್‌ಮನ್ 1939ರಲ್ಲಿ, ಸ್ಪೈಡರ್‌ಮ್ಯಾನ್ 1962ರಲ್ಲಿ. ಅಷ್ಟನ್ನೂ ಓದಿ ಮುಗಿಸಿ ಆಮೇಲೆ ಹೊಸದಕ್ಕೆ ಬರುತ್ತೇನೆ ಅಂದರೆ ಯಾರಿಂದಲೂ ಆಗದು. ನಮ್ಮಲ್ಲಿ ಮಹಾಭಾರತ ಕೇಳುವ ಮಗು ಆದಿಪರ್ವದಿಂದ ಶುರು ಮಾಡುತ್ತದಾ? ಇಲ್ಲ. ಅಜ್ಜಿ ಒಂದು ರಾತ್ರಿ ಅಭಿಮನ್ಯುವಿನ ಕಥೆ ಹೇಳುತ್ತಾರೆ. ಅವನ ಅಪ್ಪ ಯಾರು, ಚಕ್ರವ್ಯೂಹ ಯಾಕೆ ಕಟ್ಟಿದರು ಅಂತ ಮಗು ತಾನಾಗಿಯೇ ಕೇಳುತ್ತಾ ಹೋಗುತ್ತದೆ. ಇದೂ ಹಾಗೆಯೇ.

ಅಬ್ಸೊಲ್ಯೂಟ್ ಅಂತ ಎಲ್ಲರೂ ಹೇಳ್ತಿದ್ದಾರೆ. ಅದು ಏನು?

ಡಿಸಿ ಕಂಪನಿ 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಬೇರೆಯೇ ಒಂದು ಲೋಕ. ಡಾರ್ಕ್‌ಸೈಡ್ ಅನ್ನುವ ದುಷ್ಟನ ನೆರಳಲ್ಲಿ ಹುಟ್ಟಿದ ಲೋಕ ಅದು. ಅಲ್ಲಿನ ಹೀರೋಗಳಿಗೆ ಹುಟ್ಟಿನಿಂದ ಸಿಗುತ್ತಿದ್ದ ಆಸರೆಗಳು ಇಲ್ಲ. ಬ್ಯಾಟ್‌ಮನ್‌ಗೆ ದುಡ್ಡಿಲ್ಲ. ವಂಡರ್ ವುಮನ್‌ಗೆ ತವರಿನ ದ್ವೀಪವಿಲ್ಲ. ಸೂಪರ್‌ಮ್ಯಾನ್‌ನನ್ನು ಎತ್ತಿ ಆಡಿಸಿ ಬೆಳೆಸಿದ ಹಳ್ಳಿಮನೆಯ ಬಾಲ್ಯವಿಲ್ಲ. ಇಷ್ಟೆಲ್ಲ ಕಿತ್ತುಕೊಂಡ ಮೇಲೂ ಅವರು ಒಳ್ಳೆಯವರಾಗಿ ಉಳಿಯುತ್ತಾರಾ ಅನ್ನೋದೇ ಈ ಸಾಲಿನ ಪ್ರಶ್ನೆ.

ಹಳೆಯ ಬ್ಯಾಟ್‌ಮನ್, ಹಳೆಯ ಸೂಪರ್‌ಮ್ಯಾನ್ ತಮ್ಮ ಪಾಡಿಗೆ ತಮ್ಮ ಪುಸ್ತಕಗಳಲ್ಲಿ ಮುಂದುವರಿದಿದ್ದಾರೆ. ಅವರಿಗೇನೂ ಆಗಿಲ್ಲ. ಅದೇ ಈ ಸಾಲಿನ ಬಲ. ಮೂಲ ಪಾತ್ರ ಭದ್ರವಾಗಿ ಬೇರೆ ಕಡೆ ಇರುವುದರಿಂದ ಇಲ್ಲಿ ಬರೆಯುವವರಿಗೆ ಬೇರಿಗೇ ಕೈ ಹಾಕುವ ಧೈರ್ಯ ಬಂದಿದೆ.

ದುಡ್ಡಿಲ್ಲದ ಬ್ಯಾಟ್‌ಮನ್ ಬ್ಯಾಟ್‌ಮನ್ನೇ ಅಲ್ಲ, ಅಲ್ವಾ?

ಓದುವ ಮುಂಚೆ ನನಗೂ ಹಾಗೇ ಅನ್ನಿಸಿತ್ತು. 'ಅಬ್ಸೊಲ್ಯೂಟ್ ಬ್ಯಾಟ್‌ಮನ್' ಬರೆಯುತ್ತಿರುವವರು ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಗೋಟಾ ಅವರದು, ಬಣ್ಣ ಫ್ರಾಂಕ್ ಮಾರ್ಟಿನ್ ಅವರದು. ಬ್ಯಾಟ್‌ಮನ್‌ನ ನಿಜ ಹೆಸರು ಬ್ರೂಸ್ ವೇನ್. ಇಲ್ಲಿ ಬ್ರೂಸ್ ಒಬ್ಬ ಮೇಷ್ಟರ ಮಗ. ಶಾಲೆ ಮಕ್ಕಳನ್ನು ಮೃಗಾಲಯ ನೋಡಲು ಕರೆದುಕೊಂಡು ಹೋದ ದಿನ ಗುಂಡಿನ ದಾಳಿಯಲ್ಲಿ ಅಪ್ಪ ಸಾಯುತ್ತಾರೆ. ಅಮ್ಮ ಬದುಕಿದ್ದಾರೆ. ಬ್ರೂಸ್ ಬೆಳೆದು ಇಂಜಿನಿಯರ್ ಆಗಿದ್ದಾನೆ. ತನ್ನ ಊರು ಗಾಥಮ್‌ನ ಸೇತುವೆ, ರಸ್ತೆ, ಕಟ್ಟಡ ಎಲ್ಲದರ ಒಳಮರ್ಮ ಅವನಿಗೆ ಗೊತ್ತು. ಬಂಗಲೆ ಇಲ್ಲ. ಮನೆ ನೋಡಿಕೊಳ್ಳುವ ಆಲ್ಫ್ರೆಡ್ ಕೂಡ ಇಲ್ಲ. ಇಲ್ಲಿನ ಆಲ್ಫ್ರೆಡ್ ಬ್ರಿಟಿಷ್ ಗೂಢಚಾರ, ಬ್ರೂಸ್‌ನ ಮೇಲೆ ಕಣ್ಣಿಡಲು ಬಂದವನು.

ಎದೆಯ ಮೇಲಿನ ಬಾವಲಿ ಗುರುತನ್ನು ಕಿತ್ತರೆ ಅದೇ ಕೊಡಲಿಯ ಅಲಗು. ಗಾಡಿ ಅಂದರೆ ಗಣಿಯಲ್ಲಿ ಮಣ್ಣು ಹೊರುವಂಥ ದೈತ್ಯ ಟ್ರಕ್. ಡ್ರಗೋಟಾ ಬಿಡಿಸುವ ಬ್ಯಾಟ್‌ಮನ್‌ನ ಭುಜಗಳು ಬಾಗಿಲಿಗಿಂತ ಅಗಲ. ಆದರೆ ನನ್ನನ್ನು ಹಿಡಿದದ್ದು ಇದ್ಯಾವುದೂ ಅಲ್ಲ. ಅಮ್ಮ ಇದ್ದಾರೆ ಅನ್ನೋದು. ಇಷ್ಟು ವರ್ಷ ಬ್ಯಾಟ್‌ಮನ್ ಕಳೆದುಕೊಂಡವರಿಗಾಗಿ ಹೋರಾಡುತ್ತಿದ್ದ. ಇಲ್ಲಿ ಕಳೆದುಕೊಳ್ಳಬಹುದಾದವರು ಮನೆಯಲ್ಲೇ ಇದ್ದಾರೆ. ಮುಂದೆ ಅವನ ಶತ್ರುಗಳಾಗಬೇಕಿದ್ದವರು, ವೇಲನ್, ಹಾರ್ವೆ, ಎಡ್ಡಿ, ಆಸ್ವಾಲ್ಡ್, ಎಲ್ಲರೂ ಚಿಕ್ಕಂದಿನ ಗೆಳೆಯರು. ಬ್ಯಾಟ್‌ಮನ್ ಗೆದ್ದಾಗ ಅದರ ಬೆಲೆ ತೆರುವವರು ಈ ಗೆಳೆಯರು. ಆ ಬೆಲೆ ಮುಂದಿನ ಸಂಚಿಕೆಯಲ್ಲಿ ಮಾಯವಾಗುವುದಿಲ್ಲ.

ಒಂದು ದೂರೂ ಇದೆ. ಬೇನ್ ಅನ್ನುವ ಖಳ ಬರುವ ಭಾಗದಲ್ಲಿ ಹಿಂಸೆ ಜಾಸ್ತಿಯಾಯಿತು. ಒಂದೆರಡು ಪುಟಗಳನ್ನು ನಾನು ಬೇಗ ತಿರುಗಿಸಿದೆ. ಕಥೆಗೆ ಅಷ್ಟು ಬೇಕಿರಲಿಲ್ಲ.

ಈ ಸಾಲಿನಲ್ಲಿ ನಿಮಗೆ ತುಂಬಾ ಇಷ್ಟವಾದದ್ದು ಯಾವುದು?

'ಅಬ್ಸೊಲ್ಯೂಟ್ ವಂಡರ್ ವುಮನ್'. ಇದಕ್ಕೆ 2025ರಲ್ಲಿ ಹೊಸ ಸರಣಿಗೆ ಕೊಡುವ ಐಸ್ನರ್ ಪ್ರಶಸ್ತಿ ಬಂತು. ಕಾಮಿಕ್ಸ್ ಲೋಕದ ದೊಡ್ಡ ಪ್ರಶಸ್ತಿ ಅದು. ಬಂದಾಗ ನನ್ನ ಮನೆಯವರಿಗೇ ಬಂದಷ್ಟು ಖುಷಿಯಾಯಿತು.

ಕೆಲ್ಲಿ ಥಾಂಪ್ಸನ್ ಬರೆದಿದ್ದಾರೆ, ಹೇಡನ್ ಶೆರ್ಮನ್ ಬಿಡಿಸಿದ್ದಾರೆ. ಕೂಸಾಗಿದ್ದ ಡಯಾನಾಳನ್ನು (ವಂಡರ್ ವುಮನ್‌ಳ ನಿಜ ಹೆಸರು ಅದು) ತಂದು ನರಕದಲ್ಲಿ, ಸರ್ಸಿ ಅನ್ನುವ ಮಾಟಗಾತಿಯ ಮುಂದೆ ಬಿಡುತ್ತಾರೆ. ಸರ್ಸಿಗೆ ಈ ಮಗು ಬೇಡ. ಸಾಕುವ ಮನಸ್ಸೂ ಇಲ್ಲ. ಆದರೆ ಮಗು ನಗುತ್ತದೆ. ಅಲ್ಲಿನ ಹಾವು, ಭೂತ, ವಿಕಾರ ಪ್ರಾಣಿ ಯಾವುದನ್ನು ಕಂಡರೂ ಹೆದರದೆ ಕೈ ಚಾಚುತ್ತದೆ. ಬರಬರುತ್ತಾ ಸರ್ಸಿ ತಾಯಿಯಾಗುತ್ತಾಳೆ. ನರಕದಲ್ಲಿ ಬೆಳೆದ ಹುಡುಗಿ ಕ್ರೂರಿಯಾಗುತ್ತಾಳೆ ಅಂದುಕೊಂಡು ನಾನು ಓದಲು ಕೂತಿದ್ದೆ. ಅವಳಷ್ಟು ಕರುಣೆ ಇರುವ ಹೀರೋ ಈಗ ಬರುತ್ತಿರುವ ಯಾವ ಪುಸ್ತಕದಲ್ಲೂ ಇಲ್ಲ.

ಅವಳ ಕುದುರೆ ಮೂಳೆಯ ಹಂದರ. ಕೈಯಲ್ಲಿ ಅವಳಷ್ಟೇ ಎತ್ತರದ ಖಡ್ಗ. ಒಬ್ಬನನ್ನು ನರಕದಿಂದ ಹೊರಗೆ ಕಳಿಸಲು ಅವಳು ತನ್ನ ಕೈಯನ್ನೇ ಕೊಟ್ಟಿದ್ದಾಳೆ. ಆ ಕೈ ಮತ್ತೆ ಬೆಳೆದಿಲ್ಲ. ಮಂತ್ರದಿಂದ ಮಾಡಿಕೊಂಡ ಕೈ ಇದೆ, ಆದರೆ ಕೊಟ್ಟದ್ದು ಕೊಟ್ಟದ್ದೇ. ಕಲೆ ಉಳಿಯಬೇಕು ಅಂತ ಮೇಲೆ ಹೇಳಿದೆನಲ್ಲ, ಅದು ಇದು.

ಶೆರ್ಮನ್ ಪುಟ ಜೋಡಿಸುವ ರೀತಿಯನ್ನೂ ಹೇಳಲೇಬೇಕು. ಚೌಕ ಚೌಕ ಪೆಟ್ಟಿಗೆಗಳು ಅವರಿಗೆ ಸಾಲುವುದಿಲ್ಲ. ಕಥೆ ಸುತ್ತಿದರೆ ಪುಟವೂ ಸುತ್ತುತ್ತದೆ, ಕಥೆ ಬಿದ್ದರೆ ಪೆಟ್ಟಿಗೆಗಳೂ ಕೆಳಗೆ ಜಾರುತ್ತವೆ. ಜೋರ್ಡಿ ಬೆಲೇರ್ ಹಾಕಿದ ನರಕದ ಕೆಂಪು ಬಣ್ಣವನ್ನು ಫೋನಿನಲ್ಲಿ ನೋಡಬೇಡಿ. ಸಾಧ್ಯವಾದರೆ ಕಾಗದದ ಮೇಲೆ ನೋಡಿ.

'ಅಬ್ಸೊಲ್ಯೂಟ್ ಸೂಪರ್‌ಮ್ಯಾನ್' ಹೇಗಿದೆ?

ಚೆನ್ನಾಗಿದೆ. ಜೇಸನ್ ಆರನ್ ಬರೆದು ರಾಫಾ ಸಾಂಡೊವಾಲ್ ಬಿಡಿಸಿದ್ದು. ಕ್ರಿಪ್ಟಾನ್ ಗ್ರಹದಲ್ಲಿ ಮೇಲುವರ್ಗ, ದುಡಿಯುವ ವರ್ಗ ಅಂತ ಇದೆ. ಕಾಲ್-ಎಲ್‌ನ ಅಂದರೆ ಸೂಪರ್‌ಮ್ಯಾನ್‌ನ ಅಪ್ಪ ಅಮ್ಮ ದುಡಿಯುವವರು. ಗ್ರಹದ ಹೊಟ್ಟೆಯನ್ನು ಬಗೆದು ಬಗೆದು ಮೇಲಿನವರು ಅದನ್ನು ಹಾಳು ಮಾಡುತ್ತಾರೆ. ಇಲ್ಲಿ ಮಗು ತೊಟ್ಟಿಲಲ್ಲಿ ಬರುವುದಿಲ್ಲ. ಎಲ್ಲ ಕಂಡು, ಎಲ್ಲ ನೆನಪಿಟ್ಟುಕೊಂಡು ಬಂದ ಹುಡುಗ ಇವನು. ಭೂಮಿಗೆ ಬಂದವನು ಗಣಿ ಕಾರ್ಮಿಕರ ಪರ ನಿಲ್ಲುತ್ತಾನೆ. 1938ರ ಸೂಪರ್‌ಮ್ಯಾನ್ ಕೂಡ ಬಡವರ ಪರ ನಿಂತು ಗಣಿ ಮಾಲೀಕನಿಗೆ ಪಾಠ ಕಲಿಸಿದವನೇ. ಹಾಗಾಗಿ ಇದು ಹೊಸತನವೂ ಹೌದು, ಮೂಲಕ್ಕೆ ಮರಳಿದ್ದೂ ಹೌದು. ಕಥೆ ಹಿಂದೆ ಮುಂದೆ ಜಿಗಿಯುವುದು ಮಾತ್ರ ಸ್ವಲ್ಪ ಜಾಸ್ತಿ.

'ಅಬ್ಸೊಲ್ಯೂಟ್ ಮಾರ್ಷಿಯನ್ ಮ್ಯಾನ್‌ಹಂಟರ್' ಎರಡು ಸಲ ಓದಿದೆ. ಅರ್ಥವಾಗಲಿಲ್ಲ. ತಪ್ಪು ನನ್ನದಾ?

ಇಲ್ಲ. ನಿಧಾನವಾಗಿ ಓದಬೇಕಾದ ಪುಸ್ತಕ ಅದು. ಬಾಂಬ್ ಸ್ಫೋಟದಲ್ಲಿ ಬದುಕುಳಿದ ಜಾನ್ ಜೋನ್ಸ್ ಅನ್ನುವ ಎಫ್‌ಬಿಐ ಅಧಿಕಾರಿಯ ತಲೆಯೊಳಗೆ ಒಂದು ಬೇರೆ ಜೀವ ಸೇರಿಕೊಳ್ಳುತ್ತದೆ. ಅಂದಿನಿಂದ ಅವನಿಗೆ ಜನರ ಯೋಚನೆಗಳು ಬಣ್ಣದ ಹೊಗೆಯಂತೆ ಕಾಣುತ್ತವೆ. ಎದುರಿಗಿರುವವರ ದುಃಖ, ಹಸಿವು, ನಾಚಿಕೆ ಎಲ್ಲ ಕಣ್ಣಿಗೆ ಬೀಳುತ್ತವೆ. ಡೆನಿಜ್ ಕ್ಯಾಂಪ್ ಮಾತು ಕಡಿಮೆ ಮಾಡಿದ್ದಾರೆ. ಹೇಳಬೇಕಾದ್ದನ್ನು ಹಾವಿಯರ್ ರೊಡ್ರಿಗೆಜ್ ಬಣ್ಣದಲ್ಲಿ ಹೇಳಿದ್ದಾರೆ. ಅದಕ್ಕೇ ಮೊದಲ ಸಲ ಮಾತು ಬಿಟ್ಟು ಬರೀ ಚಿತ್ರ ನೋಡುತ್ತಾ ಹೋಗಿ. ಎರಡನೇ ಸಲ ಮಾತು ಓದಿ. ಆರು ಸಂಚಿಕೆಗೆ ಅಂತ ಶುರುವಾದದ್ದು ಓದುಗರ ಪ್ರೀತಿಯಿಂದ ಹನ್ನೆರಡಕ್ಕೆ ಬೆಳೆಯಿತು.

ಇದೇ ಸಾಲಿನ 'ಫ್ಲ್ಯಾಶ್', 'ಗ್ರೀನ್ ಲ್ಯಾಂಟರ್ನ್' ಎರಡೂ ಕೆಟ್ಟವೇನಲ್ಲ. ಆದರೆ ನನಗೆ ಮನಸ್ಸಿಗೆ ಹತ್ತಲಿಲ್ಲ.

'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್' ಅನ್ನು ಯಾಕೆ ಅಷ್ಟು ಹೊಗಳ್ತೀರಿ?

ಅಲ್ಲಿ ಕಾಲ ನಡೆಯುತ್ತದೆ, ಅದಕ್ಕೆ.

ಮಾರ್ವೆಲ್ ಕಂಪನಿ ಕಟ್ಟಿದ ಅಲ್ಟಿಮೇಟ್ ಅನ್ನುವ ಬೇರೆ ಲೋಕದ ಸಾಲಿನಲ್ಲಿ ಇದು 2024ರ ಜನವರಿಯಲ್ಲಿ ಶುರುವಾಯಿತು. ಬರೆದವರು ಜೊನಾಥನ್ ಹಿಕ್‌ಮನ್, ಮುಖ್ಯ ಚಿತ್ರಕಾರ ಮಾರ್ಕೊ ಕೆಕ್ಕೆಟ್ಟೊ. ಪೀಟರ್ ಪಾರ್ಕರ್‌ಗೆ ಸುಮಾರು 35 ವರ್ಷ. ಮೇರಿ ಜೇನ್ ಹೆಂಡತಿ. ರಿಚರ್ಡ್, ಮೇ ಅಂತ ಇಬ್ಬರು ಮಕ್ಕಳು. ಚಿಕ್ಕಪ್ಪ ಬೆನ್ ಬದುಕಿದ್ದಾರೆ, ಚಿಕ್ಕಮ್ಮ ಮೇ ಇಲ್ಲ. ಪೀಟರ್‌ನನ್ನು ಜೇಡ ಕಚ್ಚಲೇ ಇಲ್ಲ. ಯಾಕೆಂದರೆ ಮೇಕರ್ ಅನ್ನುವವನು ಆ ಘಳಿಗೆಯನ್ನೇ ಅವನಿಂದ ಕದ್ದಿದ್ದಾನೆ. ಒಂದು ದಿನ ಜೇಡ ಇರುವ ಡಬ್ಬಿ ಮನೆಗೆ ಬರುತ್ತದೆ. ಕಚ್ಚಿಸಿಕೊಳ್ಳುವುದೋ ಬಿಡುವುದೋ, ಈಗ ಆಯ್ಕೆ ಅವನದು.

ಇದನ್ನು ಸ್ವಲ್ಪ ಯೋಚಿಸಿ. ಮೂಲ ಕಥೆಯ ಹದಿನೈದರ ಹುಡುಗನಿಗೆ ಅದು ಆಕಸ್ಮಿಕವಾಗಿತ್ತು. 35ರ ಗೃಹಸ್ಥನಿಗೆ ಅದು ತೀರ್ಮಾನ. ಮನೆ, ಸಾಲ, ಮಕ್ಕಳ ಶಾಲೆ ಎಲ್ಲ ಇಟ್ಟುಕೊಂಡು ಒಬ್ಬ ಮನುಷ್ಯ ತನ್ನ ಜೀವನದಲ್ಲಿ ಏನೋ ಒಂದು ತಪ್ಪಿಹೋಗಿದೆ ಅಂತ ಒಳಗೊಳಗೇ ಅಂದುಕೊಳ್ಳುತ್ತಾ ಇರುತ್ತಾನಲ್ಲ, ಆ ಭಾವನೆಯನ್ನು ಈ ಪುಸ್ತಕ ಹಿಡಿದಿದೆ. ನಾನು ಅದೇ ವಯಸ್ಸಿನ ಆಸುಪಾಸಿನಲ್ಲಿ ಇದನ್ನು ಓದಿದೆ. ಮೊದಲ ಸಂಚಿಕೆ ಮುಗಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಒಂದು ಸಂಚಿಕೆ ಬಂದು ಇನ್ನೊಂದು ಬರುವಷ್ಟರಲ್ಲಿ ನಮಗೆ ಒಂದು ತಿಂಗಳು ಕಳೆಯುತ್ತದೆ. ಅವರಿಗೂ ಒಂದು ತಿಂಗಳು ಕಳೆದಿರುತ್ತದೆ. ನಾಲ್ಕನೇ ಸಂಚಿಕೆಯ ಹೆಚ್ಚು ಪಾಲು ಎರಡು ಜೋಡಿ ಹೋಟೆಲಿನಲ್ಲಿ ಊಟಕ್ಕೆ ಕೂತು ಮಾತಾಡುವುದೇ. ಹೊಡೆದಾಟ ಇಲ್ಲ. ಆ ಮಾತುಕತೆ ನನಗೆ ಎಷ್ಟೋ ಹೊಡೆದಾಟಗಳಿಗಿಂತ ಚೆನ್ನಾಗಿ ನೆನಪಿದೆ. ಬೆನ್ ಮತ್ತು ಜೇಮ್ಸನ್ ಇಬ್ಬರು ಮುದುಕರು ಕೆಲಸ ಬಿಟ್ಟು ತಮ್ಮದೇ ಪತ್ರಿಕೆ ಮಾಡಲು ಹೊರಡುವುದನ್ನಂತೂ ಪ್ರತಿ ತಿಂಗಳೂ ಕಾದು ಓದಿದೆ.

24ನೇ ಸಂಚಿಕೆಗೆ ಸರಣಿ ಮುಗಿಯುತ್ತದೆ. ಇಡೀ ಅಲ್ಟಿಮೇಟ್ ಸಾಲನ್ನೇ 2026ರಲ್ಲಿ ಮುಗಿಸುತ್ತೇವೆ ಅಂತ ಮಾರ್ವೆಲ್ ಮೊದಲೇ ಹೇಳಿತು. ಬೇಜಾರಾಯಿತು. ಆದರೂ ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಮುಗಿಯದ ಕಥೆಯಲ್ಲಿ ಯಾವ ಘಟನೆಗೂ ತೂಕ ಬರುವುದಿಲ್ಲ.

ಆ ಸಾಲಿನ ಉಳಿದವು?

'ಅಲ್ಟಿಮೇಟ್ಸ್' ಓದಿ. ಅದೂ ಡೆನಿಜ್ ಕ್ಯಾಂಪ್ ಬರೆದದ್ದೇ, ಚಿತ್ರ ಹ್ವಾನ್ ಫ್ರಿಜೇರಿ ಅವರದು. ಅದರ ನಾಲ್ಕನೇ ಸಂಚಿಕೆಯಲ್ಲಿ ಒಬ್ಬನೇ ಮನುಷ್ಯನ ನಾಲ್ಕು ಬೇರೆ ಕಾಲಗಳು ಒಂದೇ ಪುಟದಲ್ಲಿ ಜೊತೆಜೊತೆಗೆ ಸಾಗುತ್ತವೆ. ಒಳ್ಳೆಯವನೊಬ್ಬನನ್ನು ಮುರಿದು ಬೇರೆಯವನನ್ನಾಗಿ ಮಾಡುವುದು ಹೇಗೆ ಅಂತ ಅಲ್ಲಿ ಕಾಣುತ್ತದೆ. 'ಅಲ್ಟಿಮೇಟ್ ಎಕ್ಸ್-ಮೆನ್' ಪೀಚ್ ಮೊಮೊಕೊ ಬರೆದು ಬಿಡಿಸಿದ್ದು. ಜಪಾನಿನ ಶಾಲಾ ಹುಡುಗಿಯರ ಕಥೆ, ದೆವ್ವದ ಕಥೆಯ ಹಾಗೆ ಮೈ ಜುಮ್ಮೆನ್ನಿಸುತ್ತದೆ. 'ಬ್ಲ್ಯಾಕ್ ಪ್ಯಾಂಥರ್' ಅರ್ಧಕ್ಕೇ ಬಿಟ್ಟೆ.

ಮಾಮೂಲಿ 'ಅಮೇಜಿಂಗ್ ಸ್ಪೈಡರ್‌ಮ್ಯಾನ್' ಮೇಲೆ ನಿಮಗೆ ಯಾಕೆ ಕೋಪ?

ಕೋಪ ಅಲ್ಲ, ನೋವು. ಪೀಟರ್ ಮತ್ತು ಮೇರಿ ಜೇನ್‌ಗೆ 1987ರಲ್ಲಿ ಮದುವೆಯಾಯಿತು. ಇಪ್ಪತ್ತು ವರ್ಷ ಅವರು ಗಂಡ ಹೆಂಡತಿಯಾಗಿದ್ದರು. 2007ರ ಕೊನೆಯಲ್ಲಿ ಮೆಫಿಸ್ಟೋ ಅನ್ನುವ ಸೈತಾನನ ಜೊತೆ ಒಪ್ಪಂದ ಮಾಡಿಸಿ ಆ ಮದುವೆಯನ್ನೇ ಅಳಿಸಿಹಾಕಿದರು. ಮುರಿದಿದ್ದರೆ ಒಪ್ಪಬಹುದಿತ್ತು. ಮನುಷ್ಯರ ಸಂಸಾರಗಳು ಮುರಿಯುತ್ತವೆ. ಆದರೆ ಅದು ನಡೆದೇ ಇಲ್ಲ ಅಂದುಬಿಟ್ಟರು. ಅಲ್ಲಿಂದ ಇಲ್ಲಿಯವರೆಗೆ ಆ ಪುಸ್ತಕ ಒಂದೇ ಜಾಗದಲ್ಲಿ ಸುತ್ತುತ್ತಿದೆ. ಅವನು ದೊಡ್ಡವನಾಗುವುದಕ್ಕೆ ಬಿಡುವುದೇ ಇಲ್ಲ. ಹೊಸ ಕೆಲಸ ಸಿಗುತ್ತದೆ, ಹೋಗುತ್ತದೆ. ಹೊಸ ಹುಡುಗಿ ಬರುತ್ತಾಳೆ, ಹೋಗುತ್ತಾಳೆ.

2025ರ ಏಪ್ರಿಲ್‌ನಲ್ಲಿ ಜೋ ಕೆಲ್ಲಿ ಬರೆಯಲು ಬಂದ ಮೇಲೆ ಓದುವ ಖುಷಿ ಹೆಚ್ಚಿದೆ. ಪೆಪೆ ಲರಾಜ್ ಬಿಡಿಸಿದ ಪುಟಗಳಲ್ಲಿ ಸ್ಪೈಡರ್‌ಮ್ಯಾನ್ ನಿಜವಾಗಿಯೂ ಗಾಳಿಯಲ್ಲಿ ಇದ್ದಾನೆ ಅನ್ನಿಸುತ್ತದೆ. ಆ ಹಳೆಯ ಗಂಟು ಮಾತ್ರ ಇನ್ನೂ ಬಿಚ್ಚಿಲ್ಲ.

ಕಾಮಿಕ್ಸ್‌ನಲ್ಲಿ ಸತ್ತವರೆಲ್ಲ ವಾಪಸ್ ಬರ್ತಾರೆ. ಮತ್ತೆ ಯಾಕೆ ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಕು?

ತುಂಬಾ ಜನ ಕೇಳುವ ಪ್ರಶ್ನೆ ಇದು, ನ್ಯಾಯವಾದದ್ದೂ ಹೌದು.

1988ರಲ್ಲಿ ಡಿಸಿ ಕಂಪನಿ ಬ್ಯಾಟ್‌ಮನ್‌ನ ಜೊತೆಗಾರ ಹುಡುಗ, ಎರಡನೇ ರಾಬಿನ್ ಜೇಸನ್ ಟಾಡ್ ಬದುಕಬೇಕಾ ಸಾಯಬೇಕಾ ಅಂತ ಓದುಗರಿಂದ ಫೋನಿನಲ್ಲಿ ಮತ ಹಾಕಿಸಿತು. ಸಾಯಲಿ ಅಂದವರು 5,343, ಬದುಕಲಿ ಅಂದವರು 5,271. ಬರೀ 72 ಮತಗಳಿಂದ ಒಬ್ಬ ಹುಡುಗ ಸತ್ತ. ಆಮೇಲೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅವನು ಸತ್ತೇ ಇದ್ದ. ಗುಹೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಅವನ ಬಟ್ಟೆ ಬ್ಯಾಟ್‌ಮನ್‌ನನ್ನು ಬೇರೆ ಮನುಷ್ಯನನ್ನಾಗಿ ಮಾಡಿತು. ಅವನು ವಾಪಸ್ ಬಂದಾಗಲೂ ಆ ಸಾವು ಸುಳ್ಳಾಗಲಿಲ್ಲ. ನನ್ನನ್ನು ಕೊಂದವನನ್ನು ನೀನು ಯಾಕೆ ಬಿಟ್ಟೆ ಅನ್ನುವ ಪ್ರಶ್ನೆಯನ್ನು ಹೊತ್ತುಕೊಂಡೇ ಬಂದ. ಇಂಥ ವಾಪಸಾತಿಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ಕಮಲಾ ಖಾನ್‌ಗೆ ಮಾಡಿದ್ದರ ಬಗ್ಗೆ. ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಹುಡುಗಿ, ಮಿಸ್ ಮಾರ್ವೆಲ್. 2014ರಲ್ಲಿ ಅವಳದೇ ಪುಸ್ತಕ ಶುರುವಾದಾಗ ಅಮ್ಮನ ಬೈಗುಳ, ಮನೆಯೂಟ, ಮಸೀದಿ, ಗೆಳತಿಯರು ಎಲ್ಲ ನಮ್ಮ ಪಕ್ಕದ ಮನೆಯಷ್ಟೇ ಹತ್ತಿರ ಅನ್ನಿಸಿತ್ತು. 2023ರ ಮೇ ತಿಂಗಳಲ್ಲಿ ಅವಳನ್ನು ಸ್ಪೈಡರ್‌ಮ್ಯಾನ್‌ನ ಪುಸ್ತಕದಲ್ಲಿ ಕೊಂದರು. ಅವಳ ಪುಸ್ತಕದಲ್ಲೂ ಅಲ್ಲ. ಅಲ್ಲಿ ಅವಳ ಮನೆಯವರ ದುಃಖಕ್ಕೆ ಜಾಗವೇ ಇರಲಿಲ್ಲ. ಎರಡು ತಿಂಗಳಲ್ಲಿ ಮ್ಯೂಟಂಟ್ (ಎಕ್ಸ್-ಮೆನ್ ಹಾಗೆ ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವವಳು) ಮಾಡಿ ವಾಪಸ್ ತಂದರು. ಸಾವೂ ಅವಳದಾಗಲಿಲ್ಲ, ಮರುಹುಟ್ಟೂ ಅವಳದಾಗಲಿಲ್ಲ.

ಎಕ್ಸ್-ಮೆನ್ ಈಗ ಓದಬಹುದಾ?

ಓದಬಹುದು. ಆದರೆ 2019ರಿಂದ 2024ರವರೆಗೆ ನಡೆದ ಕ್ರಕೋವಾ ಅನ್ನುವ ದ್ವೀಪದ ಕಾಲದ ಎತ್ತರ ಈಗ ಇಲ್ಲ. ಆಗ ಮ್ಯೂಟಂಟ್‌ಗಳಿಗೆ ತಮ್ಮದೇ ದ್ವೀಪ, ತಮ್ಮದೇ ಭಾಷೆ, ತಮ್ಮದೇ ಕಾನೂನು ಇತ್ತು. ಸತ್ತವರನ್ನು ಮತ್ತೆ ಹುಟ್ಟಿಸುವ ವಿದ್ಯೆಯೂ ಇತ್ತು. ಸತ್ತವರು ವಾಪಸ್ ಬರುತ್ತಾರೆ ಅನ್ನುವ ಹಳೆಯ ದೂರನ್ನೇ ಅವರು ಕಥೆಯ ಬೆನ್ನೆಲುಬು ಮಾಡಿದರು. ಸಾವಿಲ್ಲದ ಜನಕ್ಕೆ ಏನಾಗುತ್ತದೆ ಅಂತ ಕೇಳಿದರು. 2024ರ ಜುಲೈಯಿಂದ ಎಲ್ಲ ಹೊಸದಾಗಿ ಶುರುವಾಯಿತು. ಈಗಿನವುಗಳಲ್ಲಿ ಗೇಲ್ ಸಿಮೋನ್ ಬರೆಯುವ 'ಅನ್‌ಕ್ಯಾನಿ ಎಕ್ಸ್-ಮೆನ್' ನನ್ನ ಆಯ್ಕೆ. ಊರು ಕಳೆದುಕೊಂಡವರು ಒಂದು ಮನೆಯಲ್ಲಿ ಸೇರಿ ಮತ್ತೆ ಕುಟುಂಬವಾಗುವ ಕಥೆ.

ಹಗುರವಾಗಿ, ಖುಷಿಯಾಗಿ ಓದುವಂಥದ್ದು ಇಲ್ವಾ? ಎಲ್ಲದರಲ್ಲೂ ನೋವೇ ಇದೆ.

ಇದೆ. ರಯಾನ್ ನಾರ್ತ್ 2022ರಿಂದ ಬರೆಯುತ್ತಿರುವ 'ಫೆಂಟಾಸ್ಟಿಕ್ ಫೋರ್'. ಬಹಳಷ್ಟು ಸಂಚಿಕೆಗಳು ಒಂದೇ ಕಂತಿನ ಕಥೆ. ಒಂದು ವಿಜ್ಞಾನದ ಒಗಟು, ನಾಲ್ಕು ಜನರ ಪ್ರೀತಿ, ಇಪ್ಪತ್ತು ಪುಟದಲ್ಲಿ ಬಿಡಿಸಿದ ಗಂಟು. ಮೊದಲ ಸಂಚಿಕೆಯಲ್ಲಿ ಆ ನಾಲ್ವರಲ್ಲಿ ಒಬ್ಬನಾದ ಬೆನ್ ಮತ್ತು ಅವನ ಹೆಂಡತಿ ಅಲಿಶಿಯಾ ಒಂದೇ ದಿನ ಮತ್ತೆ ಮತ್ತೆ ನಡೆಯುವ ಊರಿಗೆ ಹೋಗುತ್ತಾರೆ. ಅವರು ಅದನ್ನು ಬಿಡಿಸುವುದು ಗುದ್ದಿ ಅಲ್ಲ, ತಾಳ್ಮೆಯಿಂದ. ಮಾರ್ಕ್ ವೇಡ್ ಬರೆದು ಡ್ಯಾನ್ ಮೋರಾ ಬಿಡಿಸಿದ 'ವರ್ಲ್ಡ್ಸ್ ಫೈನೆಸ್ಟ್' ಕೂಡ ತುಂಬಾ ಚೆನ್ನಾಗಿದೆ. ಬ್ಯಾಟ್‌ಮನ್, ಸೂಪರ್‌ಮ್ಯಾನ್ ಇಬ್ಬರೂ ಒಳ್ಳೆಯ ಗೆಳೆಯರಾಗಿರುವ ದಿನಗಳ ಕಥೆ.

ಮುಖ್ಯ 'ಬ್ಯಾಟ್‌ಮನ್' ಪುಸ್ತಕವೂ 2025ರ ಸೆಪ್ಟೆಂಬರ್‌ನಲ್ಲಿ ಮ್ಯಾಟ್ ಫ್ರಾಕ್ಷನ್, ಹೋರ್ಹೆ ಹಿಮೆನೆಜ್ ಕೈಯಲ್ಲಿ ಹೊಸ ಒಂದನೇ ಸಂಚಿಕೆಯಿಂದ ಶುರುವಾಗಿದೆ. ಬಟ್ಟೆಗೆ ಮತ್ತೆ ನೀಲಿ ಬಂದಿದೆ. ಬ್ಯಾಟ್‌ಮನ್ ಎದುರಿಗಿರುವವರ ಮಾತು ಕೇಳಿಸಿಕೊಳ್ಳುತ್ತಾನೆ. ನನಗೆ ಅಷ್ಟೇ ಬೇಕಿತ್ತು.

ಡಿಸಿ, ಮಾರ್ವೆಲ್ ಬಿಟ್ಟರೆ?

'ಇನ್ವಿನ್ಸಿಬಲ್'. 2003ರಿಂದ 2018ರವರೆಗೆ 144 ಸಂಚಿಕೆ, ಆಮೇಲೆ ಮುಗಿಯಿತು. ಹುಡುಗ ಗಂಡಸಾಗುತ್ತಾನೆ, ಗಂಡನಾಗುತ್ತಾನೆ, ಅಪ್ಪನಾಗುತ್ತಾನೆ. ಹೊಸದಾಗಿ ಬರುತ್ತಿಲ್ಲವಾದರೂ ಟಿವಿ ಸರಣಿ ನೋಡಿದವರು ಇದನ್ನೇ ಕೇಳುತ್ತಾರೆ, ಅದಕ್ಕೆ ಹೇಳಿದೆ. ಈಗ ಬರುತ್ತಿರುವುದು ಬೇಕು ಅಂದರೆ ಎರಿಕ್ ಲಾರ್ಸನ್ ಅವರ 'ಸ್ಯಾವೇಜ್ ಡ್ರ್ಯಾಗನ್'. 1992ರಿಂದ ಒಬ್ಬರೇ ಬರೆದು ಬಿಡಿಸುತ್ತಿದ್ದಾರೆ. ಪಾತ್ರಗಳಿಗೆ ನಮ್ಮ ಹಾಗೆಯೇ ವಯಸ್ಸಾಗುತ್ತದೆ. ಶುರುವಿನಲ್ಲಿ ಹುಟ್ಟಿದ ಮಗ ಈಗ ಮಕ್ಕಳೊಂದಿಗ. ಎಲ್ಲ ಕಥೆಗಳೂ ನನಗೆ ಹಿಡಿಸುವುದಿಲ್ಲ. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗಡಿಯಾರ ನಿಲ್ಲಿಸದ ಆ ಮನುಷ್ಯನಿಗೆ ನನ್ನ ನಮಸ್ಕಾರ.

ಹೀರೋ ನೋಡಿ ಪುಸ್ತಕ ಆರಿಸಬೇಕಾ, ಬರೆದವರನ್ನು ನೋಡಿಯಾ?

ಯಕ್ಷಗಾನಕ್ಕೆ ಹೋಗುವವರು ಪ್ರಸಂಗ ಯಾವುದು ಅಂತ ಕೇಳುತ್ತಾರೆ. ಮರುಕ್ಷಣವೇ ಭಾಗವತರು ಯಾರು, ವೇಷ ಯಾರದು ಅಂತಲೂ ಕೇಳುತ್ತಾರೆ. ಇಲ್ಲೂ ಎರಡೂ ಕೇಳಿ. ಬರೆಯುವವರ ಹೆಸರಿನ ಜೊತೆ ಚಿತ್ರ ಬಿಡಿಸುವವರ, ಬಣ್ಣ ಹಾಕುವವರ, ಅಕ್ಷರ ಕೂರಿಸುವವರ ಹೆಸರನ್ನೂ ಓದಿ. ಮಾರ್ಷಿಯನ್ ಮ್ಯಾನ್‌ಹಂಟರ್‌ನಲ್ಲಿ ಹಸನ್ ಓಟ್ಸ್‌ಮನ್-ಎಲ್ಹಾವ್ ಅಕ್ಷರಗಳಿಂದಲೇ ದನಿ ಬದಲಾಯಿಸುವುದನ್ನು ಗಮನಿಸಿ. ಒಂದು ಪುಸ್ತಕದಲ್ಲಿ ತಂಡ ಬದಲಾದರೆ ಅದು ಬೇರೆ ಪುಸ್ತಕ ಅಂತಲೇ ತಿಳಿಯಿರಿ. ಹಿಡಿಸದಿದ್ದರೆ ಬಿಡಿ. ಸಂಗ್ರಹ ಪೂರ್ತಿಯಾಗಲಿ ಅಂತ ಮನಸ್ಸಿಲ್ಲದೆ ಕೊಳ್ಳಬೇಡಿ.

ದೊಡ್ಡ 'ಈವೆಂಟ್'ಗಳನ್ನು, ಬೇರೆ ಬೇರೆ ಮುಖಪುಟಗಳನ್ನು ಕೊಳ್ಳಬೇಕಾ?

ಬೇಡ. ಮುಖಪುಟ ಬೇರೆಯಾದರೂ ಒಳಗಿನ ಕಥೆ ಒಂದೇ. ಈವೆಂಟ್‌ಗಳು ಅಂದರೆ ಹಲವು ಪುಸ್ತಕಗಳಿಗೆ ಹರಡುವ ಒಂದೇ ದೊಡ್ಡ ಕಥೆಗಳು. ಅವು ಚೆನ್ನಾಗಿ ಓಡುತ್ತಿದ್ದ ಪುಸ್ತಕದ ಮಧ್ಯೆ ನುಗ್ಗಿ ಓಟ ಕೆಡಿಸುವುದೇ ಜಾಸ್ತಿ.

ಇದರಲ್ಲಿ ನಮ್ಮವರು ಯಾರಾದರೂ ಇದ್ದಾರಾ?

ರಾಮ್ ವಿ ಇದ್ದಾರೆ. ಮುಂಬೈಯವರು, ಲಂಡನ್‌ನಲ್ಲಿದ್ದಾರೆ. 2022ರಿಂದ 2024ರವರೆಗೆ 'ಡಿಟೆಕ್ಟಿವ್ ಕಾಮಿಕ್ಸ್' ಬರೆದರು. ಬ್ಯಾಟ್‌ಮನ್ ಕಥೆಯನ್ನು ಒಪೆರಾದಂತೆ ಅಂಕ ಅಂಕವಾಗಿ ಕಟ್ಟಿದರು. ಅದಕ್ಕೂ ಮುಂಚೆ 'ಸ್ವಾಂಪ್ ಥಿಂಗ್'ನಲ್ಲಿ ಲೆವಿ ಕಾಮೈ ಅನ್ನುವ ಭಾರತೀಯನನ್ನೇ ನಾಯಕನನ್ನಾಗಿ ಮಾಡಿದ್ದರು. ಈಚಿನದು ಇವಾನ್ ಕೇಗಲ್ ಬಿಡಿಸಿದ 'ನ್ಯೂ ಗಾಡ್ಸ್'.

ಪವಿತ್ರ್ ಪ್ರಭಾಕರ್ ಅನ್ನುವ ಭಾರತೀಯ ಸ್ಪೈಡರ್‌ಮ್ಯಾನ್ ಹುಟ್ಟಿದ್ದು 2004ರಲ್ಲಿ. ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಜೀವನ್ ಕಾಂಗ್ ಸೇರಿ ಮಾಡಿದ್ದು. ಧೋತಿ ಉಟ್ಟು ಮುಂಬೈಯ ಕಟ್ಟಡಗಳ ನಡುವೆ ಹಾರುವ ಹುಡುಗ. ದೇವರಾಜನ್ ಮುಂದೆ 2006ರಲ್ಲಿ ಶುರು ಮಾಡಿದ ವರ್ಜಿನ್ ಕಾಮಿಕ್ಸ್‌ನ ಸ್ಟುಡಿಯೋ ಇದ್ದದ್ದು ನಮ್ಮ ಬೆಂಗಳೂರಿನಲ್ಲೇ. ಕನ್ನಡದಲ್ಲಿ ಇಂಥದ್ದೊಂದು ಸರಣಿ ಬರಬೇಕು ಅನ್ನುವ ಆಸೆ ನನಗೆ ಬಲವಾಗಿದೆ.

ಮಕ್ಕಳಿಗೆ ಕೊಡಬಹುದಾ?

'ಅಬ್ಸೊಲ್ಯೂಟ್ ಬ್ಯಾಟ್‌ಮನ್' ಕೊಡಬೇಡಿ. 'ಫೆಂಟಾಸ್ಟಿಕ್ ಫೋರ್', 'ವರ್ಲ್ಡ್ಸ್ ಫೈನೆಸ್ಟ್' ಹತ್ತು ಹನ್ನೆರಡರ ಮಕ್ಕಳಿಗೆ ಕೊಡಬಹುದು. 'ಮಿಸ್ ಮಾರ್ವೆಲ್'ನ ಮೊದಲ ಸಂಪುಟ ಕಣ್ಣು ಮುಚ್ಚಿ ಕೊಡಿ. ಉಳಿದವನ್ನು ಮೊದಲು ನೀವು ಓದಿ.

ಬೆಲೆ ಜಾಸ್ತಿ. ಕಡಿಮೆ ಖರ್ಚಿನಲ್ಲಿ ಓದೋದು ಹೇಗೆ?

1938ರಲ್ಲಿ ಸೂಪರ್‌ಮ್ಯಾನ್ ಬಂದ ಪುಸ್ತಕಕ್ಕೆ 10 ಸೆಂಟ್. ಈಗ ಇಪ್ಪತ್ತು ಚಿಲ್ಲರೆ ಪುಟಕ್ಕೆ 3.99 ಅಥವಾ 4.99 ಡಾಲರ್. ನಮ್ಮ ಕಡೆ ಬಿಡಿ ಸಂಚಿಕೆ ತರಿಸುವುದು ಭಾರವೇ. ಐದಾರು ಸಂಚಿಕೆ ಸೇರಿಸಿ ಕಟ್ಟಿದ ಸಂಪುಟಕ್ಕೆ ಕಾಯಿರಿ. ಮಾರ್ವೆಲ್ ಅನ್‌ಲಿಮಿಟೆಡ್ ಆ್ಯಪ್‌ನಲ್ಲಿ ಹೊಸ ಸಂಚಿಕೆ ಸುಮಾರು ಮೂರು ತಿಂಗಳ ನಂತರ ಬರುತ್ತದೆ. ತಾಳ್ಮೆ ಇದ್ದರೆ ಅದೇ ಅಗ್ಗ. ಡಿಸಿ 2024ರಿಂದ ಚಿಕ್ಕ ಅಳತೆಯ 9.99 ಡಾಲರ್ ಪುಸ್ತಕಗಳನ್ನೂ ತರುತ್ತಿದೆ. ಬೆಂಗಳೂರಿನಲ್ಲಿರುವವರು ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದ ಅಂಗಡಿಗಳಲ್ಲಿ ಒಂದು ಮಧ್ಯಾಹ್ನ ಕಳೆಯಿರಿ. ನಾನು ಆನ್‌ಲೈನ್‌ನಲ್ಲಿ ತರಿಸಿದ ಒಂದು ಸಂಪುಟ ಬೆನ್ನು ಮುರಿದು ಬಂತು. ಅಂದಿನಿಂದ ಆದಷ್ಟೂ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳುತ್ತೇನೆ.

ಸಿನಿಮಾ ನೋಡಿದರೆ ಸಾಕಲ್ವಾ?

ಸಿನಿಮಾ ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್' ಜೊತೆ ನಾನು ಎರಡು ವರ್ಷ ಬಾಳಿದ್ದೇನೆ. ಪುಟ ತಿರುಗಿಸುವ ವೇಗವೂ ನಿಮ್ಮ ಕೈಯಲ್ಲೇ ಇರುತ್ತದೆ.

ಅಲ್ಟಿಮೇಟ್ ಸಾಲು ಮುಗಿದ ಮೇಲೆ ಏನು ಓದ್ತೀರಿ?

ಮತ್ತೆ ಅದನ್ನೇ. ನನ್ನ ಅಕ್ಕನ ಮಗಳಿಗೆ ಈಗ ಹದಿನಾಲ್ಕು. ಪೀಟರ್‌ನ ಮಕ್ಕಳು ದೊಡ್ಡವರಾಗ್ತಾರಾ ಮಾವ ಅಂತ ಕೇಳಿದಳು. ಮೊದಲ ಸಂಪುಟ ಕೊಟ್ಟಿದ್ದೇನೆ. ತಿಂಗಳಿಗೆ ಒಂದೇ ಸಂಚಿಕೆ ಓದಬೇಕು, ಮುಂದಿನದನ್ನು ಕದ್ದು ನೋಡಬಾರದು ಅಂತ ಇಬ್ಬರೂ ಒಪ್ಪಿಕೊಂಡಿದ್ದೇವೆ. ಈ ತಿಂಗಳು ಜೇಡದ ಡಬ್ಬಿ ಬಂದಿದೆ. ತೆರೆಯಬೇಕಾ ಬೇಡವಾ ಅಂತ ಅವಳು ಇನ್ನೂ ಯೋಚಿಸುತ್ತಿದ್ದಾಳೆ.